ಬೂವದ ಫೋಟೋ

"ಇರಾಶಾಯ್!"

ಶಿವನಂಜಪ್ಪ ಜಗುಲಿಯಿಂದ ಹೀಗೆ ಜಪಾನಿ ಮಾತಲ್ಲಿ 'ಬನ್ನಿ ಬನ್ನಿ' ಅಂತ ಕೂಗಿದನೆಂದರೆ ಆವತ್ತು ಮಧ್ಯಾಹ್ನ ಅವರ ಮನೆಯಲ್ಲಿ ಜಪಾನು ಹೋಟೆಲು ಬಾಗಿಲು ತೆರೆಯಿತು ಅಂತಲೇ ಅರ್ಥ. ಹೋಟೆಲು ಅಂದರೆ ಏನು ಮಹಾ, ಜಗುಲಿಗೆ ಅಡ್ಡಲಾಗಿ ಇಟ್ಟ ಒಂದು ಹಲಗೆ. ಹಲಗೆಯ ಆಚೆ ತಲೆಗೆ ಟವೆಲು ಬಿಗಿದು ಮಂಡಿಯೂರಿದ ಯಜಮಾನ. ಈಚೆ ಇಬ್ಬರೇ ಗಿರಾಕಿಗಳು: ಆರು ವರ್ಷದ ಮಗಳು ಚೆನ್ನಾಜಿ, ಹಲ್ಲು ಅರ್ಧ ಉದುರಿದ ತಾಯಿ ಪುಟ್ಟಮಾದಮ್ಮ. ಹೆಂಡತಿ ಭದ್ರಮ್ಮ ಗಿರಾಕಿಯಲ್ಲ, ಒಳಗಿಂದ ಅನ್ನ ತಂದುಕೊಡುವವಳು.

ಅನ್ನವನ್ನು ಮೊರದಲ್ಲಿ ಹರವಿ ಬೀಸಣಿಗೆಯಿಂದ ಬೀಸಿ ಆರಿಸಬೇಕು. ನಿಂಬೆಹುಳಿ, ಉಪ್ಪು, ಒಂದು ಚೂರು ಬೆಲ್ಲ ಕರಗಿಸಿ ಮೇಲೆ ಚಿಮುಕಿಸಬೇಕು. ಆಮೇಲೆ ಅವನು ಕೈಗೆ ನೀರು ಸವರಿಕೊಂಡು, ಹೆಬ್ಬೆರಳಿನಷ್ಟು ಅನ್ನ ತೆಗೆದು, ಎರಡು ಬೆರಳಲ್ಲಿ ಒತ್ತಿ ಉದ್ದುದ್ದ ಉಂಡೆ ಮಾಡಿ, ಅದರ ಬೆನ್ನ ಮೇಲೆ ತೆಳ್ಳಗೆ ಸೀಳಿದ ಸೌತೆಕಾಯಿ ಮಲಗಿಸಿ ಹಲಗೆಯ ಮೇಲೆ ಇಡುವನು. "ಸುಶಿ" ಅನ್ನುವನು. ಚೆನ್ನಾಜಿ ಎರಡು ಹಂಚಿಕಡ್ಡಿಯಲ್ಲಿ ಅದನ್ನು ಎತ್ತಲು ಹೋಗಿ ಮಡಿಲಿಗೆ ಬೀಳಿಸಿಕೊಂಡು ಕಿಲಕಿಲ ನಗುವಳು.

"ಏನ್ ಸುಸಿಯೋ ಏನೋ, ಆರಿದ ಚಿತ್ರಾನ್ನ ಇದ್ದಂಗೆ ಅದೆ," ಅನ್ನುತ್ತಲೇ ಪುಟ್ಟಮಾದಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು ದವಡೆಯ ಆ ಕಡೆ ಈ ಕಡೆ ಹೊರಳಿಸಿ ನುಂಗಿದರು. "ಇನ್ನೊಂದ್ ಕೊಡ್ಲಾ. ಅದೇನು ಗುಬ್ಬಚ್ಚಿಗೆ ಇಟ್ಟಂಗೆ ಇಡ್ತೀಯಾ."

"ಅಪ್ಪ, ಅಲ್ಲೂ ಸೌತೆಕಾಯಿನೇ ಇಡ್ತಾರಾ?" ಅಂತ ಮಗು ಕೇಳಿತು.

ಶಿವನಂಜಪ್ಪನ ಕೈ ಅನ್ನದ ಮೇಲೆ ನಿಂತಿತು. "ಊಂ... ಸೌತೆಕಾಯಿನೂ ಇಡ್ತಾರೆ ಕಣವ್ವ," ಅಂದವನು ತಲೆ ಎತ್ತದೆ ಮುಂದಿನ ಉಂಡೆಗೆ ಕೈ ಹಾಕಿದ. ಬಾಗಿಲಲ್ಲಿ ನಿಂತಿದ್ದ ಭದ್ರಮ್ಮ ಆ ಕೈ ನಿಂತದ್ದನ್ನು ಕಂಡಳು. ಹೆಂಡತಿಯ ಕಣ್ಣು, ಅದಕ್ಕೆ ಏನು ತಪ್ಪುತ್ತದೆ? ಇವರು ಏನೋ ಮುಚ್ಚಿಡುತ್ತಿದ್ದಾರೆ ಅಂತ ಅವಳಿಗೆ ಆ ಗಳಿಗೆಯೇ ಹೊಳೆಯಿತು, ಆದರೆ ಏನು ಅಂತ ಹೊಳೆಯಲಿಲ್ಲ.

ಮೂಡಲಕೊಪ್ಪಲು ಅಂದರೆ ಕೃಷ್ಣರಾಜನಗರದಿಂದ ಆಚೆಗೆ ಕಾಲುವೆ ಬಯಲಲ್ಲಿ ಇರುವ ಎಪ್ಪತ್ತು ಮನೆಯ ಊರು. ಆಗೆಲ್ಲ ಎಲ್ಲಿ ನೋಡಿದರೂ ಜಪಾನು ಪದ್ಧತಿಯ ಭತ್ತದ್ದೇ ಮಾತು. ಸರ್ಕಾರದ ಬ್ಲಾಕ್ ಕಚೇರಿಯವರು ಬಂದು ಹಗ್ಗ ಹಿಡಿದು ಸಾಲು ನಾಟಿ ಮಾಡಿ ಅನ್ನುವರು, ಊರವರು ತಲೆಯಾಡಿಸಿ, ಅವರ ಜೀಪು ತಿರುಗಿದ ಕೂಡಲೇ ಮೊದಲಿನಂತೆ ಚೆಲ್ಲಾಪಿಲ್ಲಿ ನೆಡುವರು. ಮಾತು ಕೇಳಿದವನು ಶಿವನಂಜಪ್ಪ ಒಬ್ಬನೇ. ಅವನ ಗದ್ದೆ ಕಂಡು ಸರ್ಕಾರದವರೇ ಅವನನ್ನು ಆರಿಸಿ, ಅರವತ್ತಮೂರನೇ ಇಸವಿಯ ಶಿವರಾತ್ರಿ ಕಳೆಯುತ್ತಲೂ ಜಪಾನಿಗೆ ಕಳಿಸಿಕೊಟ್ಟರು. ಅಲ್ಲೊಬ್ಬ ರೈತನ ಮನೆಯಲ್ಲಿ ಇದ್ದು, ಬಿತ್ತನೆಯಿಂದ ಕೊಯ್ಲಿನವರೆಗೆ ಅವರ ಜೊತೆ ಗೇದು ಕಲಿಯಬೇಕು. ಹೋದವನು ಬಂದದ್ದು ಮುಂದಿನ ಸಂಕ್ರಾಂತಿಗೆ. ಬಂದ ಮೇಲೆ ಊರೆಲ್ಲ ಅವನಿಗೆ 'ಜಪಾನಪ್ಪ' ಅಂತ ಹೆಸರಿಟ್ಟಿತು.

ಕಳಿಸಿಕೊಡಲು ಪುಟ್ಟಮಾದಮ್ಮ ಸುಲಭಕ್ಕೆ ಒಪ್ಪಿರಲಿಲ್ಲ. ಅವರದು ಲಿಂಗ ಕಟ್ಟುವ ಮನೆ. ಅದರಲ್ಲೂ ಈಯಮ್ಮನ ಆಚಾರ ಅಂದರೆ ಬೇರೆಯವರ ಮನೆಯಲ್ಲಿ ನೀರೂ ಮುಟ್ಟದ ಆಚಾರ. ಮಗನ ಕೊರಳಲ್ಲಿದ್ದ ಕರಡಿಗೆ ಬಿಚ್ಚಿಸಿ, ಲಿಂಗವನ್ನು ಅಂಗೈಯಲ್ಲಿ ಇರಿಸಿ, "ಉಸಿರಾಡಿದ್ದು ಯಾವುದೂ ನನ್ ಬಾಯಿಗೆ ಬರಕಿಲ್ಲ ಅಂತ ಅನ್ನು," ಅಂದಿದ್ದರು. ಅವನು ಅಂದಿದ್ದ. "ನೀನು ಅಲ್ಲಿ ನೇಮ ಇಟ್ಕ, ನಾನು ಇಲ್ಲಿ ಇಟ್ಕತೀನಿ," ಅಂದು ಅವರು ಆವತ್ತಿನಿಂದ ಒಪ್ಪೊತ್ತಿನ ಊಟಕ್ಕೆ ನಿಂತರು. ಹತ್ತು ತಿಂಗಳು ದಿನಕ್ಕೆ ಒಂದೇ ಸಲ ಉಂಡರು. ರಟ್ಟೆ ಒಣಗಿ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಅವನು ಬಂದ ದಿನ ಬಸ್ಸಿಳಿದು ಬಾಗಿಲಿಗೆ ಬರುವುದೇ ತಡ, ಕಾಲಿಗೆ ನೀರು ಕೊಡುವ ಮೊದಲೇ ಕೇಳಿದರು: "ನೇಮ ಉಳೀತಾ?" ಅವನು "ಹೂಂ ಅವ್ವ" ಅಂದು ತಾಯಿಯ ಕಾಲಿಗೆ ಬಿದ್ದ. ಆವತ್ತು ರಾತ್ರಿ ಅತ್ತೆ ವರ್ಷಕ್ಕಾಗುವಷ್ಟು ಉಂಡದ್ದನ್ನು ಭದ್ರಮ್ಮ ಕಣ್ಣಾರೆ ಕಂಡಿದ್ದಳು.

ಬಂದ ಗಂಡ ಬೇರೆಯಾಗಿ ಬಂದಿದ್ದ. ಕೆಟ್ಟದ್ದೇನೂ ಅಲ್ಲ. ಆದರೆ ಉಣ್ಣುವಾಗ ಮಾತ್ರ ಏನೋ ಒಂದು. ಮೊದಲೆಲ್ಲ ಅವನು ಉಂಡು ಎದ್ದರೆ ಆ ತಟ್ಟೆಯಲ್ಲೇ ಅವಳು ಬಡಿಸಿಕೊಂಡು ಉಣ್ಣುವುದು, ಅವಳಿಗೂ ಅದೇ ಅಭ್ಯಾಸ, ಅವಳ ತಾಯಿಗೂ ಅದೇ. ಈಗ ಅವನು ಒಂದು ದಿನ, "ಬಾಮ್ಮಿ, ನೀನೂ ಕೂತ್ಕ. ಅಲ್ಲೆಲ್ಲ ಮನೆಯೋರು ಸುತ್ತ ಕೂತ್ಕಂಡು ಒಟ್ಟಿಗೇ ಉಣ್ತಾರೆ. ಎಂಗಸ್ರೂ," ಅಂದ. "ಥೂ, ಸುಮ್ಕಿರಿ, ಅತ್ತೆಮ್ಮ ಕೇಳಿಸ್ಕಂಡಾರು," ಅಂದು ಭದ್ರಮ್ಮ ಒಳಗೆ ಓಡಿದಳು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಆಮೇಲೆ ಒಲೆಯ ಮುಂದೆ ಕೂತಾಗ ಮನಸ್ಸಿಗೆ ಒಂದು ಮುಳ್ಳು ಹತ್ತಿತು. ಎಂಗಸ್ರೂ ಅಂದರಲ್ಲ, ಯಾವ ಎಂಗಸು?

ಯುಗಾದಿ ಕಳೆದು ಬಿಸಿಲು ಚುರುಗುಟ್ಟುತ್ತಿದ್ದ ಒಂದು ದಿನ ಅವಳು ಟ್ರಂಕಿನ ಬಟ್ಟೆಗಳನ್ನೆಲ್ಲ ಒಣಹಾಕಲು ತೆಗೆದಳು. ಗಂಡನ ಕರೀ ಕೋಟಿನ ಅಡಿ, ಟ್ರಂಕಿನ ತಳದ ಕಾಗದದ ಕೆಳಗೆ, ಏನೋ ದಪ್ಪಗೆ ಸಿಕ್ಕಿತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದಲ್ಲಿ ಸುತ್ತಿಟ್ಟ ಒಂದು ಫೋಟೋ. ಹಿಂದೆ ಕೋಳಿ ಕೆರೆದಂತೆ ಏನೇನೋ ಅಕ್ಷರ.

ಭದ್ರಮ್ಮ ಅದನ್ನು ಬಾಗಿಲ ಬೆಳಕಿಗೆ ತಂದು ನೋಡಿದಳು.

ಗಿಡ್ಡ ಮೇಜಿನ ಸುತ್ತ ಏಳೆಂಟು ಜನ ನೆಲದ ಮೇಲೆ ಕೂತಿದ್ದಾರೆ. ನಡುವೆ ಕೊಳಗದ ಬಾಯಿಯಷ್ಟು ಅಗಲದ ಮರದ ತಟ್ಟೆ, ಅದರ ತುಂಬ ಸಾಲು ಸಾಲು ಅನ್ನದ ಉಂಡೆ. ಎಲ್ಲರ ಕೈಯೂ ಆ ಒಂದೇ ತಟ್ಟೆಯ ಕಡೆ. ಇವಳ ಗಂಡ ಕರೀ ಕೋಟು ಹಾಕಿ, ತಲೆ ಬಾಚಿ, ಒಳ್ಳೇ ಮದುವಣಗಿತ್ತಿಯ ಜೊತೆ ಕೂತ ಗಂಡಿನ ಹಾಗೆ ಕೂತಿದ್ದಾನೆ. ಅವನ ಎಡಕ್ಕೆ, ಮಗ್ಗುಲಿಗೆ ಮಗ್ಗುಲು ತಾಗಿಸಿ, ಹೂವಿನ ಬುಟ್ಟಾಗಳ ನಿಲುವಂಗಿ ಉಟ್ಟು, ಎತ್ತರಕ್ಕೆ ತುರುಬು ಕಟ್ಟಿದ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ಬಲಕ್ಕೆ ಒಬ್ಬ ಮುದುಕಿ ಕಡ್ಡಿಯಲ್ಲಿ ಒಂದು ಉಂಡೆ ಎತ್ತಿ ಅವನ ಬಾಯ ಹತ್ತಿರ ಹಿಡಿದಿದ್ದಾಳೆ. ಅವನು ಬಾಯಿ ತೆರೆದಿದ್ದಾನೆ.

ಬೇರೆ ಊರವರು ನೋಡಿದ್ದರೆ ಯಾರೋ ಉಣ್ಣುತ್ತಿದ್ದಾರೆ ಅಂದುಕೊಂಡು ಬಿಡುತ್ತಿದ್ದರು. ಆದರೆ ಭದ್ರಮ್ಮನ ಕಡೆ ಮದುವೆಯಲ್ಲಿ ಬೂವ ಅಂತ ಒಂದು ಊಟ ಉಂಟು. ಧಾರೆ ಮುಗಿದ ಮೇಲೆ ದೊಡ್ಡದೊಂದು ತಟ್ಟೆಯಲ್ಲಿ ಅನ್ನ ಹಾಕಿ, ಗಂಡನ್ನೂ ಹೆಣ್ಣನ್ನೂ ಮಗ್ಗುಲಿಗೆ ಕೂರಿಸಿ, ಎರಡೂ ಕಡೆಯ ಹತ್ತಿರದವರು ಸುತ್ತ ಕೂತು ಆ ಒಂದೇ ತಟ್ಟೆಗೆ ಕೈ ಹಾಕಿ ಉಣ್ಣುತ್ತಾರೆ. ಹಿರಿಯ ಮುತ್ತೈದೆಯೊಬ್ಬಳು ಗಂಡಿನ ಬಾಯಿಗೆ ತುತ್ತು ಇಡುತ್ತಾಳೆ. ಬೂವ ಉಂಡರೆ ಮದುವೆ ಗಟ್ಟಿಯಾದ ಹಾಗೆ. ಗಂಡ ಹೆಂಡತಿ ಜೊತೆಗೆ ಕೂತು ಉಣ್ಣುವುದು ಜನ್ಮದಲ್ಲಿ ಅದೊಂದೇ ಸಲ. ರಾವಂದೂರಿನ ತನ್ನ ತವರಲ್ಲಿ, ಚಪ್ಪರದ ಕೆಳಗೆ, ತಾನೂ ಇದೇ ಗಂಡನ ಪಕ್ಕ ಹೀಗೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದು ಅವಳಿಗೆ ನೆನಪಾಯಿತು.

ಅಲ್ಲಿಗೆ ಅವಳ ಪಾಲಿಗೆ ಎಲ್ಲ ಇತ್ಯರ್ಥವಾಗಿಹೋಯಿತು. ಇವರು ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾರೆ. ಅದಕ್ಕೇ ಊಟದ ಮಾತು ಬಂದರೆ ಕೈ ನಿಲ್ಲುತ್ತದೆ, ಅದಕ್ಕೇ ಜೊತೆಯಲ್ಲಿ ಕೂರು ಅಂತ ಕರೆಯುತ್ತಾರೆ. ಚೆನ್ನಾಜಿ ಆದ ಮೇಲೆ ಎರಡು ಸಲ ಬಸುರು ಇಳಿದುಹೋಗಿತ್ತು. ವಂಶಕ್ಕೊಂದು ಗಂಡು ಬೇಕು ಅಂತ ಅತ್ತೆ ಆಗಾಗ ಉಸಿರು ಬಿಡುವುದೂ ಉಂಟು. ಅಲ್ಲಿ ಆ ತುರುಬಿನವಳಿಗೆ ಗಂಡೇ ಆಗಿರಬಹುದು. ಇವತ್ತಲ್ಲ ನಾಳೆ ಇವರು ಮತ್ತೆ ಹಡಗು ಹತ್ತುತ್ತಾರೆ. ಭದ್ರಮ್ಮ ಫೋಟೋವನ್ನು ಇದ್ದಲ್ಲೇ ಇಟ್ಟು, ಒಣಹಾಕಿದ ಬಟ್ಟೆಗಳ ನಡುವೆ ಕೂತು ಹೊಟ್ಟೆ ತುಂಬ ಅತ್ತಳು.

ನೇರವಾಗಿ ಕೇಳಿದ್ದರೆ ಮುಗಿಯುತ್ತಿತ್ತು ಅನ್ನಬಹುದು ನೀವು. ಅನ್ನುವುದೇನೋ ಸುಲಭ. ಕೇಳಿ, ಅವನು ಹೌದು ಅಂದುಬಿಟ್ಟರೆ? ಆ ಹೆದರಿಕೆಗೆ ಅವಳು ಹದಿನೈದು ದಿನ ತುಟಿ ಪಿಟಕ್ಕೆನ್ನಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಗು ಹೋಟೆಲು ಆಟಕ್ಕೆ ಅನ್ನ ಕೇಳಿದರೆ, "ಅನ್ನ ಇಲ್ಲ, ಏನೂ ಇಲ್ಲ, ಓಗು" ಅಂತ ಬೆನ್ನಿಗೊಂದು ಕೊಟ್ಟಳು. ಗಂಡ ಉಂಡೆದ್ದ ತಟ್ಟೆ ಬಿಟ್ಟು ಬೇರೆ ತಟ್ಟೆಯಲ್ಲಿ ಬಡಿಸಿಕೊಂಡಳು. ಶಿವನಂಜಪ್ಪ "ಯಾಕಮ್ಮಿ, ಮೈಗೆ ಉಸಾರಿಲ್ವಾ?" ಅಂದರೆ "ನಂಗೇನಾಗದೆ, ಗುಂಡುಕಲ್ಲಿನಂಗಿವ್ನಿ" ಅಂದಳು.

ಹದಿನಾರನೇ ದಿನಕ್ಕೆ ಅಂಚೆಯ ಮಂಚಯ್ಯ ಸೈಕಲ್ಲು ನಿಲ್ಲಿಸಿ, ಹೊರದೇಶದ ಸ್ಟಾಂಪಿನ ಒಂದು ಲಕೋಟೆ ಕೊಟ್ಟ. "ನಿಮ್ ಜಪಾನಪ್ಪಂಗೆ ಕಣವ್ವ. ನಂಟಸ್ತನ ಇನ್ನೂ ಬುಟ್ಟಿಲ್ಲ," ಅಂತ ಹಲ್ಲು ಕಿರಿದು ಹೋದ. ಪಾಪ, ಅವನು ತಮಾಷೆಗೆ ಅಂದದ್ದು. ಭದ್ರಮ್ಮನಿಗೆ ಮಾತ್ರ ಕೆಂಡ ಮೆಟ್ಟಿದಂತಾಯಿತು. ಒಳಗೆ ಹೋಗಿ, ಟ್ರಂಕು ತೆಗೆದು, ಫೋಟೋ ತಂದು ಲಕೋಟೆಯ ಜೊತೆಗೇ ಅತ್ತೆಯ ಮಡಿಲಿಗೆ ಹಾಕಿದಳು.

"ನೋಡಿ ಅತ್ತೆಮ್ಮ. ನಿಮ್ ಮಗ ಅಲ್ಲಿ ಬೂವ ಉಂಡ್ ಬಂದವ್ರೆ."

ಪುಟ್ಟಮಾದಮ್ಮ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. "ಬೂವನೇ ಕಣವ್ವ ಇದು," ಅಂದರು.

ಅತ್ತೆ ತಲೆ ತಲೆ ಚಚ್ಚಿಕೊಂಡಾರು, ಮಗನಿಗೆ ಛೀಮಾರಿ ಹಾಕಿಯಾರು ಅಂತ ಭದ್ರಮ್ಮ ಕಾದಳು. ಅವರು ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡು ಎಲೆಯಡಿಕೆಯ ಚೀಲ ಬಿಚ್ಚಿದರು. "ಗಂಡಸು. ಹತ್ತು ತಿಂಗ್ಳು ಒಬ್ನೇ ಇದ್ದ. ಕಟ್ಕಂಡವ್ನೆ. ಇಲ್ಲಿಗೇನು ಕರ್ಕಂಡ್ ಬಂದಿಲ್ವಲ್ಲ, ಅಲ್ಲೇ ಬುಟ್ಟು ಬಂದವ್ನೆ. ನೀನು ಊರೆಲ್ಲ ಡಂಗುರ ಸಾರ್ಬೇಡ." ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದರು: "ಮಕ್ಳು ಮರಿ ಏನಾರ ಆಗದಂತಾ?"

ಅದನ್ನು ಕೇಳಿ ಭದ್ರಮ್ಮನ ಮೈಯೆಲ್ಲ ಉರಿದುಹೋಯಿತು. ಮದುವೆಯಾದ ಒಂಬತ್ತು ವರ್ಷದಲ್ಲಿ ಅತ್ತೆಗೆ ಒಂದು ಎದುರುಮಾತು ಆಡದಿದ್ದವಳು ಗಟ್ಟಿಯಾಗಿ ಕೂಗಿದಳು: "ಕರೀರಿ ನಿಮ್ ಮಗನ್ನ! ಲಿಂಗ ಮುಟ್ಟಿ ಹೇಳ್ಲಿ. ಇಲ್ದಿದ್ರೆ ಇವತ್ತೇ ಚೆನ್ನಾಜೀನ ಕರ್ಕಂಡು ರಾವಂದೂರಿಗೆ ಹೋಯ್ತೀನಿ. ತಿರುಗಿ ಈ ಒಸ್ಲು ತುಳಿಯಕಿಲ್ಲ."

ಶಿವನಂಜಪ್ಪ ಗದ್ದೆಗೆ ಗೊಬ್ಬರ ಹೊಡೆದು ಆಗ ತಾನೇ ಎತ್ತು ಕಟ್ಟುತ್ತಿದ್ದ. ಕೂಗು ಕೇಳಿ ಒಳಗೆ ಬಂದವನು ತಾಯಿಯ ಮಡಿಲಲ್ಲಿದ್ದ ಫೋಟೋ ಕಂಡು ಗೋಡೆಗೆ ಒರಗಿದ.

"ಬೂವ ಅಂತಾಳೆ ಇವ್ಳು. ಔದಾ?" ಅಂದರು ಪುಟ್ಟಮಾದಮ್ಮ.

"ಬೂವಾನಾ?" ಶಿವನಂಜಪ್ಪ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಅವನಿಗೆ ನಗುವೇ ಬಂದುಬಿಟ್ಟಿತು. "ಅಯ್ಯೋ ಹುಚ್ಚೀ! ಅದು ಓಟ್ಲು ಕಣಮ್ಮಿ. ನಾನು ಒರಡೋ ಹಿಂದಿನ ದಿನ ಆ ಮನೆಯೋರೆಲ್ಲ ನನ್ನ ಪಟ್ಟಣಕ್ಕೆ ಕರ್ಕಂಡೋಗಿ ಊಟ ಆಕ್ಸಿದ್ರು. ಆ ಉಡುಗಿ ಆ ಮನೆ ಸೊಸೆ. ಫೋಟೋ ತೆಗ್ದೋನೇ ಅವಳ ಗಂಡ. ಇಕಾ, ಹಿಂದೆ ಅವ್ನೇ ಬರ್ದವ್ನೆ, ನಮ್ ತಮ್ಮನ ಗ್ಯಾಪಕಕ್ಕೆ ಅಂತ. ಈ ಲಕೋಟೆನೂ ಅವ್ನೇ ಆಕಿರೋದು."

ಭದ್ರಮ್ಮನಿಗೆ ನಂಬಬೇಕು ಅನ್ನಿಸಿತು. ತುಂಬ ಅನ್ನಿಸಿತು. ಆದರೆ ಹದಿನಾರು ದಿನ ನುಂಗಿದ್ದು ಸುಮ್ಮನಿರಲು ಬಿಡಲಿಲ್ಲ. "ಓಟ್ಲಾಗಿದ್ರೆ ಯಾಕೆ ಮುಚ್ಚಿಟ್ರಿ? ಊರೋರಿಗೆಲ್ಲ ಗದ್ದೆ ಫೋಟೋ ತೋರುಸ್ದೋರು ಇದನ್ಯಾಕೆ ಟ್ರಂಕಿನ ತಳದಾಗೆ ಬಚ್ಚಿಟ್ರಿ?"

ಅವನ ನಗು ನಿಂತಿತು.

"ಹೇಳಿ. ಯಾಕೆ?"

ಅವನು ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಪುಟ್ಟಮಾದಮ್ಮ ಎಲೆಗೆ ಸುಣ್ಣ ಸವರುತ್ತಾ, "ಕಟ್ಕಂಡಿದ್ರೆ ಕಟ್ಕಂಡಿವ್ನಿ ಅನ್ಲಾ. ನಾನೇನ್ ಬಯ್ಯಕಿಲ್ಲ," ಅಂದರು. ತಪ್ಪಿಸಿಕೊಳ್ಳುವ ಬಾಗಿಲು ಅಲ್ಲಿ ತೆರೆದೇ ಇತ್ತು. ಒಂದು 'ಹೂಂ' ಅಂದಿದ್ದರೆ ತಾಯಿ ಎಲೆ ಮಡಿಚಿ ಬಾಯಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಇತ್ತ ಭದ್ರಮ್ಮ ಮಗಳ ಲಂಗ ರವಿಕೆಗಳನ್ನು ಆಗಲೇ ಬಗಲಿಗೆ ಸೇರಿಸಿಕೊಂಡು ನಿಂತಿದ್ದಳು. ಆ ಬಟ್ಟೆಗಳನ್ನು ಅವನು ನೋಡಿದ.

"ಬೂವ ಅಲ್ಲ ಅವ್ವ," ಅಂದ. ಧ್ವನಿ ಮೆತ್ತಗಾಗಿತ್ತು. "ಅದ್ರ ಮ್ಯಾಲೆ ಇರೋದು ಸೌತೆಕಾಯಲ್ಲ. ಮೀನು. ಬೇಯಿಸ್ದೆ ಇರೋ ಅಸಿ ಮೀನು. ಅದುಕ್ಕೇ ಬಚ್ಚಿಟ್ಟೆ."

ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು.

ಅವನೇ ಹೇಳಿಕೊಂಡು ಹೋದ, ನಿಲ್ಲಿಸಿದರೆ ಮತ್ತೆ ಹೇಳಲಾರೆ ಅನ್ನುವವನ ಹಾಗೆ. ಹತ್ತು ತಿಂಗಳೂ ಆ ಮನೆಯವರು ಅವನಿಗಾಗಿ ಬೇರೆ ಪಾತ್ರೆ ಇಟ್ಟಿದ್ದರು. ಬರೀ ಅನ್ನ, ಮೂಲಂಗಿ ಉಪ್ಪಿನಕಾಯಿ, ಬೇಯಿಸಿದ ಕಾಳು. ಆ ಮುದುಕಿ ಅವರ ಅಡಿಗೆಯ ಸೌಟನ್ನು ಇವನ ಪಾತ್ರೆಗೆ ತಾಗಿಸುತ್ತಿರಲಿಲ್ಲ. ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಬರ್ಮಾ ಕಡೆ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಇವನು ಮಲಗುತ್ತಿದ್ದದ್ದು ಅವನ ಕೋಣೆಯಲ್ಲೇ. ಹೊರಡುವ ಹಿಂದಿನ ದಿನ ಹೋಟೆಲಿನಲ್ಲಿ ಇವನಿಗೆ ಅಂತಲೇ ಸೌತೆಕಾಯಿಯದು ಬೇರೆ ಮಾಡಿಸಿದ್ದರು. ಎಲ್ಲರೂ ನಗುತ್ತಾ ಉಣ್ಣುವಾಗ ಮುದುಕಿ ಇದ್ದಕ್ಕಿದ್ದಂತೆ ಒಂದು ಮೀನಿನದನ್ನು ಎತ್ತಿ ಇವನ ಬಾಯಿಗೆ ಹಿಡಿದಳು. ಆಗ ತಾನೇ ಫೋಟೋ ತೆಗೆದಿದ್ದ ಚಿಕ್ಕ ಮಗ ಗಾಬರಿಯಾಗಿ ತಡೆಯಲು ಬಂದ. ಅವಳಿಗೆ ಕೇಳಿಸಲೇ ಇಲ್ಲ. ಅವಳು ದೊಡ್ಡ ಮಗನ ಹೆಸರು ಹಿಡಿದು ಕರೆಯುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಬ್ಯಾಡ ಅನ್ನಕ್ಕಾಗ್ಲಿಲ್ಲ ಅವ್ವ. ನಿನ್ ಮಕ ಕಂಡಂಗಾಯ್ತು."

ಪುಟ್ಟಮಾದಮ್ಮ ಎಲೆಯನ್ನು ಕೆಳಗಿಟ್ಟರು. "ಒಂದ್ ತುತ್ತಾ?" ಅಂದರು.

ಇಲ್ಲಿ ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಯಾವ ದೇವರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಬಂದ ದಿನ ಹೇಳಿದ ಒಂದು ಸುಳ್ಳೇ ಅವನಿಗೆ ನಾಲ್ಕು ತಿಂಗಳಿಂದ ಗಂಟಲಲ್ಲಿ ನಿಂತಿತ್ತು.

"ಮೊದ್ಲುದ್ದು ಅವಳ ಬಲವಂತಕ್ಕೆ. ಆಮ್ಯಾಲೆ ಇನ್ನೂ ನಾಕು ತಿಂದೆ. ಎಲ್ರೂ ಸುತ್ತ ಕೂತಿದ್ರು, ನಗ್ತಿದ್ರು, ನನ್ನೂ ಮನೆಯೋನು ಅಂದ್ಕಂಡಿದ್ರು... ರುಚಿಯಾಗಿತ್ತು ಅವ್ವ."

"ನಾನು ಇಲ್ಲಿ ಒಪ್ಪೊತ್ತು ಉಂಡ್ಕಂಡಿದ್ನಲ್ಲೋ."

"ಹೂಂ ಅವ್ವ."

"ಬಾಗ್ಲಾಗೇ ಕೇಳಿದ್ನಲ್ಲೋ. ಉಳೀತು ಅಂದ್ಯಲ್ಲೋ." ಅಷ್ಟು ಹೇಳಿದ ಮೇಲೆ ಅವರಿಗೆ ಇನ್ನೊಂದು ನೆನಪಾಯಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. "ಆ ಕೈನಾಗೇ ಒತ್ತಿ ಒತ್ತಿ ನಂಗೂ ಇಟ್ಯಲ್ಲೋ! ಇನ್ನೊಂದ್ ಕೊಡು ಅಂತ ಕೇಳ್ಕಂಡ್ ತಿಂದ್ನಲ್ಲೋ, ಶಿವನೇ!"

ಅವರು ಎದ್ದು ಹಿತ್ತಲಿಗೆ ಓಡಿದರು. ಬೆರಳನ್ನು ಗಂಟಲಿಗೆ ಹಾಕಿ ಹಾಕಿ ಕಾರಿಕೊಂಡರು. ಯಾವತ್ತೋ ತಿಂದ ಸೌತೆಕಾಯಿ ಇವತ್ತು ಬರುತ್ತದೆಯೇ? ಬರೀ ಎಲೆಯಡಿಕೆಯ ಕೆಂಪು ನೀರು ಬಂತು. ಬೆನ್ನು ಸವರಲು ಹೋದ ಭದ್ರಮ್ಮನನ್ನು, "ಮುಟ್ಬೇಡ. ನೀನೂ ಅವನ ಎಂಜ್ಲು ಉಂಡೋಳೇಯ," ಅಂದು ತಳ್ಳಿದರು. ಒಳಗೆ ಶಿವನಂಜಪ್ಪ ಗೋಡೆಗೆ ಒರಗಿದಲ್ಲೇ ಕುಸಿದು ಕೂತಿದ್ದ.

ಭದ್ರಮ್ಮನ ಗಂಡ ಅವಳಿಗೆ ಉಳಿದ. ಅವತ್ತು ಅವಳಿಗೆ ಆದ ನೆಮ್ಮದಿಯನ್ನು ನೆನೆದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ಅತ್ತೆ ಹಿತ್ತಲಲ್ಲಿ ಕಾರಿಕೊಳ್ಳುತ್ತಿರುವಾಗ ಇವಳ ಮನಸ್ಸಿನ ಒಂದು ಮೂಲೆ 'ಸದ್ಯ, ಬರೀ ಮೀನು' ಅಂದುಕೊಂಡಿತ್ತು.

ಊರಿಗೆ ಅದೇನೂ ದೊಡ್ಡದಾಗಲಿಲ್ಲ. ಶಿವನಂಜಪ್ಪ ತಾನೇ ಹೋಗಿ ಮಠದ ಅಯ್ಯನವರ ಮುಂದೆ ಎಲ್ಲ ಹೇಳಿಕೊಂಡ. ಅವರು ಗದರಿಸಿ, ವಿಭೂತಿ ಹಚ್ಚಿ, ಹೊಸದಾಗಿ ಲಿಂಗ ಕಟ್ಟಿ, ಒಂದು ಬೆಳಗಿನಲ್ಲಿ ಮುಗಿಸಿ ಕಳಿಸಿದರು. ಊರ ಹುಡುಗರು ನಾಲ್ಕು ದಿನ ಕಾಲುವೆ ಏರಿಯ ಮೇಲೆ 'ಏನ್ ಜಪಾನಪ್ಪ, ಮೀನು ಸಿಗ್ತಾ' ಅಂತ ಚುಡಾಯಿಸಿ ಮರೆತರು. ಮರೆಯದೆ ಉಳಿದದ್ದು ಒಬ್ಬರೇ.

ಪುಟ್ಟಮಾದಮ್ಮ ಹಿತ್ತಲ ಸೋಗೆಯ ಗುಡ್ಲಿಗೆ ಹೋಗಿ ಮೂರು ಕಲ್ಲು ಹೂಡಿಕೊಂಡರು. ತಮ್ಮ ಮಡಕೆ, ತಮ್ಮ ಸೌದೆ, ತಮ್ಮ ನೀರು. ಮತ್ತೆ ಒಪ್ಪೊತ್ತಿಗೆ ನಿಂತರು. ಮಗನ ಮೇಲೆ ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಅವನು ಗುಡ್ಲ ಬಾಗಿಲಿಗೆ ಬಂದು, "ಅಯ್ಯನೋರೇ ಶುದ್ಧ ಆಯ್ತು ಅಂದ್ರಲ್ಲವ್ವ," ಅಂದರೆ, "ಅವ್ರು ತೊಳುದ್ರು ಮಗ. ನನ್ ಕೈಲಿ ಆಯ್ತಾ ಇಲ್ಲ," ಅಂದು ಮುಖ ತಿರುಗಿಸಿದರು. ಚೆನ್ನಾಜಿ ಎರಡು ಒಲೆಗಳ ನಡುವೆ ಓಡ್ಯಾಡುತ್ತಿತ್ತು. "ಓಟ್ಲು ಯಾವಾಗ ತೆಗೀತೀಯಪ್ಪ?" ಅಂತ ಒಂದೆರಡು ಸಲ ಕೇಳಿ, ಅಪ್ಪನ ಮುಖ ಕಂಡು ಸುಮ್ಮನಾಯಿತು. ಹೋಟೆಲಿನ ಹಲಗೆ ಈಗ ಕೊಟ್ಟಿಗೆಯಲ್ಲಿ ಹಿಂಡಿಯ ಚೀಲದ ಕೆಳಗೆ ಬಿದ್ದಿತ್ತು.

ಕಾಲುವೆಗೆ ನೀರು ಬಿಟ್ಟ ದಿನ ಶಿವನಂಜಪ್ಪ ಗದ್ದೆಯಲ್ಲಿ ಸಸಿಮಡಿ ಕಟ್ಟಿ ಮಧ್ಯಾಹ್ನಕ್ಕೆ ಮನೆಗೆ ಬಂದ. ಭದ್ರಮ್ಮ ಮುದ್ದೆ ಬಡಿಸಿದಳು. ಅವನು ತುತ್ತು ಮುರಿಯದೆ ಹಿತ್ತಲ ಕಡೆ ನೋಡುತ್ತಾ ಕೂತ. "ನೀನಾರ ಓಗಿ ಅವ್ವನ ಜೊತೇಲಿ ಉಣ್ಣಮ್ಮಿ. ಒಬ್ಳೇ ಆಗವ್ಳೆ. ನಾನು ಏನೂ ಅಂದ್ಕಳಕಿಲ್ಲ," ಅಂದ. ಅವನ ಕಣ್ಣು ತುಂಬಿತ್ತು. ಭದ್ರಮ್ಮ ಸೆರಗು ಸಿಗಿಸಿಕೊಂಡು ಗುಡ್ಲಿಗೆ ಹೋಗಿ, ಒಲೆಗೆ ಸೌದೆ ಇಡುತ್ತಿದ್ದ ಅತ್ತೆಯ ಕಾಲ ಹತ್ತಿರ ಕೂತಳು.

"ತಪ್ಪು ನಂದು ಅತ್ತೆಮ್ಮ. ಫೋಟೋ ತಂದು ತೋರುಸ್ದೋಳು ನಾನು. ನನ್ನ ಬಯ್ರಿ, ಒಡೀರಿ. ಒಳಗೆ ಬನ್ನಿ."

ಪುಟ್ಟಮಾದಮ್ಮ ಊದುಗೊಳವೆ ಕೆಳಗಿಟ್ಟರು. "ಆ ಫೋಟೋ ತತ್ತಾ," ಅಂದರು.

ಭದ್ರಮ್ಮ ಓಡಿಹೋಗಿ ತಂದುಕೊಟ್ಟಳು. ಅತ್ತೆ ಈ ಸಲ ಹುಡುಗಿಯನ್ನು ನೋಡಲಿಲ್ಲ, ತಟ್ಟೆಯನ್ನೂ ನೋಡಲಿಲ್ಲ. ಮುದುಕಿಯ ಮುಖದ ಮೇಲೆ ಹೆಬ್ಬೆರಳಿಟ್ಟು ಕೇಳಿದರು, "ಇವ್ಳೇನಾ?"

"ಹೂಂ ಅತ್ತೆಮ್ಮ."

"ಇವಳ ಮಗ ಯುದ್ಧದಾಗೆ ಹೋದ. ಹೆಣಾನೂ ಕಾಣ್ಲಿಲ್ಲ. ಆದ್ರೂ ನೋಡು, ಒಂದಿನ ಬಾಯಿಗೆ ತುತ್ತು ಇಕ್ಕಕ್ಕೆ ಒಬ್ಬ ಮಗ ಸಿಕ್ದ. ನನ್ ಮಗ ಹತ್ತು ಮಾರು ಆಚೆ ಕೂತವ್ನೆ. ನಂಗೆ ಇಕ್ಕಕ್ಕಾಯ್ತಾ ಇಲ್ಲ." ಅವರು ಫೋಟೋವನ್ನು ಸೆರಗಿನ ತುದಿಯಲ್ಲಿ ಒರೆಸಿದರು. "ಬೂವ ಅಂತ ನೀನಂದಾಗ ಅವ್ನು ಔದು ಅಂದ್ಬುಟ್ಟಿದ್ರೆ ಆಯ್ತಿತ್ತು. ನೀನು ನಾಕ್ ದಿನ ಅತ್ತು ಸುಮ್ಕಾಯ್ತಿದ್ದೆ. ನಾನು ಅವ್ನಿಗೆ ಇಕ್ಕಂಡು ಇರ್ತಿದ್ದೆ. ಅವ್ನು ನಿನ್ನ ಉಳಿಸ್ಕಂಡ ಕಣವ್ವ. ನನ್ನ ಬುಟ್ಟ."

ನಾಕ್ ದಿನ ಅತ್ತು ಸುಮ್ಮನಾಗುತ್ತಿದ್ದೆ ಅಂದ ಮಾತಿಗೆ ಭದ್ರಮ್ಮನಿಗೆ ಸಿಟ್ಟು ಬಂತು. ಉಳಿದ ಮಾತು ನಿಜವಾಗಿದ್ದರಿಂದ ಆ ಸಿಟ್ಟೂ ನಿಲ್ಲಲಿಲ್ಲ.

"ನೀನು ಬೇಕಾರೆ ಇಲ್ಲೇ ಉಣ್ಣು. ಇವತ್ತಿಂದ ಅವನ ತಟ್ಟೆ ಮುಟ್ಟಕಿಲ್ಲ ಅಂದ್ರೆ ನಿಂಗೂ ಮಗೀಗೂ ನಾನೇ ಮಾಡಿ ಇಕ್ತೀನಿ," ಅಂದು ಅತ್ತೆ ಫೋಟೋ ವಾಪಸ್ಸು ಚಾಚಿದರು.

ಭದ್ರಮ್ಮ ಫೋಟೋ ತೆಗೆದುಕೊಂಡು ಎದ್ದಳು. "ಅಷ್ಟೊಂದ್ ಮಾತ್ರ ಕೇಳ್ಬೇಡಿ ಅತ್ತೆಮ್ಮ," ಅಂದು ಒಳಗೆ ಬಂದಳು. ಹಿತ್ತಲ ಬಾಗಿಲು ಹಾಕಲು ಹೋಗಿ ಹಾಗೇ ಬಿಟ್ಟಳು. ಗಂಡನ ಮುದ್ದೆ ಆರಿಹೋಗಿತ್ತು, ಅವನಿನ್ನೂ ಮುಟ್ಟಿರಲಿಲ್ಲ. ಅವಳು ಅವನ ಮಗ್ಗುಲಲ್ಲಿ ಕೂತು, ಮದುವೆಯ ದಿನ ಬಿಟ್ಟರೆ ಯಾವತ್ತೂ ಮಾಡದಿದ್ದದ್ದನ್ನು ಮಾಡಿದಳು, ಅವನ ತಟ್ಟೆಗೆ ಕೈ ಹಾಕಿದಳು. ಶಿವನಂಜಪ್ಪ ಅವಳ ಮುಖ ನೋಡಿದ. ಮುದ್ದೆಯಲ್ಲಿ ಅರ್ಧ ಮುರಿದು ಅವಳ ಕಡೆಗೆ ಸರಿಸಿದ.

ಇಬ್ಬರೂ ತುತ್ತು ಕೈಯಲ್ಲಿ ಹಿಡಿದಿದ್ದರು. ಆಗ ಆ ತೆರೆದ ಬಾಗಿಲಿಗೆ ಎದುರಾಗಿದ್ದ ಗುಡ್ಲಿನಿಂದ, ಉರಿಯುವ ಒಲೆಗೆ ಚೊಂಬು ನೀರು ಸುರಿದ ಚುಂಯ್ ಶಬ್ದ ಕೇಳಿತು. ಪುಟ್ಟಮಾದಮ್ಮ ಆವತ್ತು ಆ ಒಂದು ಹೊತ್ತೂ ಅಡಿಗೆ ಮಾಡಲಿಲ್ಲ.